ವಾಚ್ ಒಂದು ಹೇಳ್ತದೆ, ಆ್ಯಪ್ ಇನ್ನೊಂದು: ವ್ಯಾಯಾಮ ಮಾಡಿಕೊಂಡು ತೂಕ ಇಳಿಸ್ಲಿಕ್ಕೆ ದಿನಕ್ಕೆ ಎಷ್ಟು ಕ್ಯಾಲರಿ?

ಅಜ್ಜರಕಾಡು_36 (ಉಡುಪಿ)

ವಯಸ್ಸು 36, ಗಂಡು, ಎತ್ತರ 172 ಸೆಂ.ಮೀ., ತೂಕ 84 ಕೆ.ಜಿ., ಸೊಂಟದ ಸುತ್ತಳತೆ 98 ಸೆಂ.ಮೀ. ಮಣಿಪಾಲದಲ್ಲಿ ಕೂತು ಮಾಡುವ ಕೆಲಸ. ವಾರಕ್ಕೆ 5 ದಿನ ಬೆಳಿಗ್ಗೆ ಅಜ್ಜರಕಾಡು ಮೈದಾನದಲ್ಲಿ 45 ನಿಮಿಷ ಜೋರು ನಡಿಗೆ, 3 ದಿನ ಸಂಜೆ ಜಿಮ್‌ನಲ್ಲಿ 50 ನಿಮಿಷ ಭಾರ ಎತ್ತುವುದು. ಶುಗರ್, ಬಿಪಿ, ಥೈರಾಯ್ಡ್ ಎಲ್ಲ ಸರಿ ಉಂಟು, ಮಾತ್ರೆ ಯಾವುದೂ ಇಲ್ಲ.

ಒಂದು ಆ್ಯಪ್‌ನಲ್ಲಿ "ಮಧ್ಯಮ ಚಟುವಟಿಕೆ" ಅಂತ ಕೊಟ್ಟರೆ ದಿನದ ಖರ್ಚು 2,700, ನೀವು 2,200 ತಿನ್ನಿ ಅಂತದೆ. ಅದಕ್ಕೆ ವಾಚ್ ಜೋಡಿಸಿದ ಕೂಡಲೇ ನಡಿಗೆಯ 380 ಸೇರಿಸಿ 2,580 ತಿನ್ನಬಹುದು ಅಂತದೆ. ಇನ್ನೊಂದು ಆ್ಯಪ್ 1,500 ದಾಟಲೇಬೇಡಿ ಅಂತದೆ. ಯಾವುದನ್ನು ನಂಬುವುದು ಅಂತ ಮಂಡೆ ಬಿಸಿ. ವ್ಯಾಯಾಮದಲ್ಲಿ ಸುಟ್ಟದ್ದನ್ನು ತಿರುಗಿ ತಿನ್ನಬೇಕಾ ಬೇಡವಾ? ಮತ್ತೆ ಮನೆಯ ಊಟ ಕುಚ್ಚಲಕ್ಕಿ, ತೆಂಗಿನಕಾಯಿ ಅರೆದ ಮೀನು ಸಾರು. ಇದನ್ನು ಲೆಕ್ಕ ಹಾಕುವುದಾದರೂ ಹೇಗೆ?

ಲೆಕ್ಕದ_ಮಾಣಿ

ಆ್ಯಪ್‌ಗಳು ನೀವು ಕೊಟ್ಟ ಉತ್ತರವನ್ನು ಗುಣಿಸಿ ಕೊಡ್ತವೆ, ಅಷ್ಟೆ. ತಪ್ಪು ಆಗುವುದು ನಾವು ಆಯ್ಕೆ ಒತ್ತುವಲ್ಲಿ. ಬುಡದಿಂದಲೇ ಹಾಕುವ.

ಇಡೀ ದಿನ ಮಲಗಿಕೊಂಡಿದ್ದರೂ ಹೃದಯ, ಮಿದುಳು, ಯಕೃತ್ತು ನಡೆಯಲಿಕ್ಕೆ ದೇಹ ಸುಡುವಷ್ಟು ಶಕ್ತಿ ಬಿಎಂಆರ್. ಇದಕ್ಕೆ ಈಗ ಹೆಚ್ಚಾಗಿ ಬಳಸುವುದು 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ. ತೂಕವನ್ನು 10ರಿಂದ, ಎತ್ತರದ ಸೆಂ.ಮೀ.ಯನ್ನು 6.25ರಿಂದ ಗುಣಿಸಿ ಎರಡನ್ನೂ ಕೂಡಿಸಿ, ವಯಸ್ಸಿನ 5 ಪಟ್ಟು ಕಳೆಯಿರಿ. ಗಂಡಸರಾದರೆ ಕೊನೆಗೆ 5 ಕೂಡಿಸುವುದು, ಹೆಂಗಸರಾದರೆ 161 ಕಳೆಯುವುದು. ನಿಮ್ಮದು 840 + 1,075 − 180 + 5 = 1,740.

ಈಗ ಇದನ್ನು ಚಟುವಟಿಕೆಯ ಅಂಕಿಯಿಂದ ಗುಣಿಸಬೇಕು. ಕೂತ ಕೆಲಸಕ್ಕೆ 1.2, ಸ್ವಲ್ಪ ವ್ಯಾಯಾಮಕ್ಕೆ 1.375, ಮಧ್ಯಮಕ್ಕೆ 1.55. ಈ 1.55 ಅಂದರೆ ವಾರಕ್ಕೆ 3–5 ದಿನದ ವ್ಯಾಯಾಮ ಅದರ ಹೊಟ್ಟೆಯೊಳಗೇ ಉಂಟು. ಅದರ ಮೇಲೆ ವಾಚ್‌ನ 380 ಕೂಡಿಸಿದರೆ ಒಂದೇ ನಡಿಗೆಗೆ ಎರಡು ಸಲ ಬಿಲ್ ಮಾಡಿದ ಹಾಗೆ. ನಿಮ್ಮ 2,580 ಬಂದದ್ದು ಹೀಗೆ.

ನಾನು ಹೇಳುವ ದಾರಿ ಬೇರೆ. ಬುಡಕ್ಕೆ 1.2 ಮಾತ್ರ ಇಡಿ: 1,740 × 1.2 = 2,088. ಇದು ವ್ಯಾಯಾಮವೇ ಇಲ್ಲದ ದಿನದ ಖರ್ಚು. (ಹೋಟೆಲಿನಲ್ಲಿ ಬಡಿಸುವವರು, ದಿನವಿಡೀ ನಿಂತು ಪಾಠ ಮಾಡುವವರು ಇಲ್ಲಿ 1.4ರ ಹತ್ತಿರ ಇಡಬೇಕು, ಅವರಿಗೆ 1.2 ತೀರಾ ಕಡಿಮೆ.) ಆಮೇಲೆ ವ್ಯಾಯಾಮವನ್ನು ಪ್ರತ್ಯೇಕ ಲೆಕ್ಕ ಮಾಡಿ, ವಾರಕ್ಕೆ ಸರಾಸರಿ ತೆಗೆದು ಕೂಡಿಸುವುದು.

ವ್ಯಾಯಾಮಕ್ಕೆ ಮೆಟ್ ಅಂತ ಒಂದು ಅಳತೆ. ಸುಮ್ಮನೆ ಕೂತರೆ 1 ಮೆಟ್, ಅಂದರೆ ಒಂದು ಕೆ.ಜಿ. ತೂಕಕ್ಕೆ ಗಂಟೆಗೆ ಸುಮಾರು 1 ಕ್ಯಾಲರಿ. ಗಂಟೆಗೆ 5.5 ಕಿ.ಮೀ. ವೇಗದ ನಡಿಗೆ 4.3 ಮೆಟ್‌ನ ಆಸುಪಾಸು. ಇದರಲ್ಲಿ 1 ಕಳೆಯಲೇಬೇಕು, ಯಾಕೆಂದರೆ ಆ 45 ನಿಮಿಷ ನೀವು ಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದರೂ ಆ 1 ಖರ್ಚಾಗುತ್ತಿತ್ತು, ಅದು 2,088ರಲ್ಲಿ ಆಗಲೇ ಸೇರಿದೆ. ಹಾಗಾಗಿ 3.3 × 84 × 0.75 = ಸುಮಾರು 208. ಐದು ದಿನಕ್ಕೆ 1,040. ಭಾರ ಎತ್ತುವುದಕ್ಕೆ, ನಡುನಡುವೆ ಕೂರುವ ಹೊತ್ತು ಸೇರಿ, 3.5 ಮೆಟ್ ಹಿಡಿಯಿರಿ: 2.5 × 84 × 50 ನಿಮಿಷ = 175, ಮೂರು ದಿನಕ್ಕೆ 525. ಒಟ್ಟು 1,565, ಏಳರಿಂದ ಭಾಗಿಸಿದರೆ ದಿನಕ್ಕೆ 223.

2,088 + 223 = 2,311. ಅಂದಾಜು 2,300 ಅನ್ನಿ. ಇದರಲ್ಲಿ 500 ಕಡಿಮೆ, ಅಂದರೆ 1,800 ತಿನ್ನಿ. ವ್ಯಾಯಾಮ ಇದ್ದ ದಿನವೂ 1,800, ಇಲ್ಲದ ದಿನವೂ 1,800. ತಿರುಗಿ ತಿನ್ನುವ ಪ್ರಶ್ನೆಯೇ ಇಲ್ಲ, ಅದನ್ನು ಆಗಲೇ ಹಂಚಿ ಆಯಿತು.

ಒಂದು ಕೆ.ಜಿ. ದೇಹದ ಕೊಬ್ಬಿಗೆ ಸುಮಾರು 7,700 ಕ್ಯಾಲರಿ. ದಿನಕ್ಕೆ 500ರ ಹಾಗೆ ವಾರಕ್ಕೆ 3,500 ಕೊರತೆಯಾದರೆ 450 ಗ್ರಾಂ. ನಿಮ್ಮ ಬಿಎಂಐ (ತೂಕವನ್ನು ಮೀಟರಿನಲ್ಲಿ ಹಾಕಿದ ಎತ್ತರದ ವರ್ಗದಿಂದ ಭಾಗಿಸಿದ್ದು) 28.4. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಲೆಕ್ಕ, ಗಂಡಸರ ಸೊಂಟ 90 ಸೆಂ.ಮೀ. ಮೀರಬಾರದು. ಆದರೂ ಒಮ್ಮೆಗೇ 70ಕ್ಕೆ ಗುರಿ ಇಡುವುದು ಬೇಡ. ಮೊದಲು 5%, ಅಂದರೆ 80ಕ್ಕೆ ಬನ್ನಿ, ಸುಮಾರು 9–10 ವಾರ.

1,500 ಯಾಕೆ ಬೇಡ? ದೇಹಕ್ಕೆ ಆಗದು ಅಂತಲ್ಲ, ಮನುಷ್ಯನಿಗೆ ಆಗದು. ಸೋಮವಾರದಿಂದ ಶುಕ್ರವಾರ 1,500 ತಿಂದು, ಶನಿವಾರ–ಭಾನುವಾರ ಹಸಿವು ತಡೆಯದೆ ಕೋರಿ ರೊಟ್ಟಿ, ಐಸ್‌ಕ್ರೀಮ್ ಅಂತ 3,000 ಮುಟ್ಟಿದರೆ ವಾರದ ಸರಾಸರಿ 1,929. ಏಳೂ ದಿನ 1,800 ತಿಂದವನಿಗಿಂತ ಹೆಚ್ಚಾಯಿತು, ಐದು ದಿನದ ಉಪವಾಸ ದಂಡ.

ಇನ್ನೊಂದು ಮಾತು. ಈ ಸೂತ್ರ ಭಾರತೀಯರನ್ನು ಅಳೆದು ಮಾಡಿದ್ದಲ್ಲ. ಒಂದೇ ಬಿಎಂಐಗೆ ನಮ್ಮಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವುದುಂಟು. ಪಾಶ್ಚಾತ್ಯರ ಸೂತ್ರದಿಂದ ಬಂದ ಬಿಎಂಆರ್‌ಗೆ 5% ಕಡಿಮೆ ಹಿಡಿಯುವ ಕ್ರಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲೂ ಇತ್ತು. ಹಾಗಾಗಿ 2,300 ಅಂತ ಕಲ್ಲಿನಲ್ಲಿ ಕೆತ್ತಬೇಡಿ. ಮೂರು ವಾರ ತೂಕ ನೋಡಿ ತಿದ್ದುವ.

ಕದ್ರಿಗುಡ್ಡೆ_ನಡಿಗೆ (ಮಂಗಳೂರು)

ಮೇಲಿನ ಲೆಕ್ಕ ಸರಿ. ವಾಚ್ ಯಾಕೆ 380 ತೋರಿಸ್ತದೆ ಅಂತ ಮಾತ್ರ ಹೇಳ್ತೇನೆ.

ಮೊದಲನೆಯದು, 1 ಕಳೆಯದೆ ಲೆಕ್ಕ ಹಾಕಿದರೂ ನಿಮ್ಮ ನಡಿಗೆ 4.3 × 84 × 0.75 = 271. ಉಳಿದ ನೂರು ಚಿಲ್ಲರೆ ಬಂದದ್ದು ನಾಡಿಯಿಂದ. ವಾಚ್ ಮಣಿಕಟ್ಟಿನಲ್ಲಿ ನಾಡಿ ನೋಡಿ ಶಕ್ತಿ ಊಹಿಸ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಸಲಿಕ್ಕೆ ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ತಳ್ಳಬೇಕು. ಡಿಸೆಂಬರದ ಬೆಳಗ್ಗೆ 115 ಇದ್ದ ನಾಡಿ ಮೇ ತಿಂಗಳಲ್ಲಿ ಅದೇ ವೇಗಕ್ಕೆ 130 ಆಗಬಹುದು. ಕಾಲಿನ ಕೆಲಸ ಅಷ್ಟೇ, ಕೊಬ್ಬು ಸುಟ್ಟದ್ದೂ ಹೆಚ್ಚುಕಡಿಮೆ ಅಷ್ಟೇ, ವಾಚ್ ಮಾತ್ರ ಹೆಚ್ಚು ಬರೆದುಕೊಳ್ತದೆ. ಪಟ್ಟಿ ಸಡಿಲ ಇದ್ದು ಬೆವರಿಗೆ ಜಾರುತ್ತಿದ್ದರೆ ನಾಡಿಯ ಬದಲು ಹೆಜ್ಜೆಯ ತಾಳವನ್ನೇ ನಾಡಿ ಅಂತ ಓದುವುದೂ ಉಂಟು. ಮಣಿಕಟ್ಟಿನ ಗಂಟು ಮೂಳೆಯಿಂದ ಎರಡು ಬೆರಳು ಮೇಲೆ, ಅಲುಗಾಡದ ಹಾಗೆ ಕಟ್ಟಿ.

ಬೆವರಿನ ಬಗ್ಗೆ: ನಡಿಗೆಯ ಮೊದಲು, ನಂತರ ತೂಕ ನೋಡಿದರೆ ಅರ್ಧ ಕೆ.ಜಿ. ಇಳಿದಿರ್ತದೆ. ಅದು ಪೂರ್ತಿ ನೀರು, ಕುಡಿದ ಕೂಡಲೇ ವಾಪಸ್. ರೇನ್‌ಕೋಟ್ ಹಾಕಿಕೊಂಡು ಓಡಿದರೆ ಬೇಗ ಕರಗ್ತದೆ ಅಂತ ಯಾರಾದರೂ ಹೇಳಿದರೆ ನಗಾಡಿ ಬಿಡಿ. ನಡಿಗೆ ಮುಗಿಸಿ ಬೊಂಡ (ಎಳನೀರು) ಕುಡಿಯುವವರು ಒಂದು ಲೋಟ ನೀರಿಗೆ 45–50 ಕ್ಯಾಲರಿ ಬರೆದುಕೊಳ್ಳಿ. ಒಳಗಿನ ಬಲಿತ ತಿರುಳನ್ನೂ ಕೆರೆದು ತಿಂದರೆ ಅದು ಬೇರೆ.

ಮಲ್ಪೆಯಲ್ಲೋ ಪಣಂಬೂರಿನಲ್ಲೋ ಒಣ ಮರಳಿನಲ್ಲಿ ನಡೆಯುವವರಿಗೆ ಮಾತ್ರ ಲೆಕ್ಕ ತಿರುಗ್ತದೆ. ಕಾಲು ಹೂತುಹೋಗುವ ಸಡಿಲ ಮರಳಿನಲ್ಲಿ ಅದೇ ವೇಗಕ್ಕೆ ಗಟ್ಟಿ ನೆಲದ ಎರಡು ಪಟ್ಟಿಗೂ ಮೇಲೆ ಶಕ್ತಿ ಬೇಕು. ಅಲೆ ಬಡಿದು ಗಟ್ಟಿಯಾದ ಒದ್ದೆ ಅಂಚಿನಲ್ಲಿ ನಡೆದರೆ ಅಷ್ಟು ವ್ಯತ್ಯಾಸ ಇಲ್ಲ. ಆದರೆ ಮೊದಲ ದಿನವೇ ಒಣ ಮರಳಿನಲ್ಲಿ 45 ನಿಮಿಷ ಹಾಕಿದರೆ ಹಿಮ್ಮಡಿಯ ನರ ಹಿಡಿದುಕೊಳ್ತದೆ, 10 ನಿಮಿಷದಿಂದ ಶುರು ಮಾಡಿ.

ಒಗ್ಗರಣೆ_ಸೌಟು (ಕಾಪು)

ಸೂತ್ರದ ತಪ್ಪು 100–150 ಇರಬಹುದು. ಅಡಿಗೆಮನೆಯ ತಪ್ಪು 500 ದಾಟ್ತದೆ. ಆ್ಯಪ್‌ನಲ್ಲಿ "ಮೀನು ಸಾರು, ಒಂದು ಬಟ್ಟಲು" ಅಂತ ಹುಡುಕಿದರೆ ಬರುವುದು ಯಾವ ಊರಿನ ಸಾರೋ ಏನೋ, ಅದಕ್ಕೆ ತೆಂಗಿನಕಾಯಿಯೇ ಬಿದ್ದಿರಲಿಕ್ಕಿಲ್ಲ.

ಅನ್ನದಿಂದ ಹಿಡಿಯಿರಿ. ಬೆಂದ ಅನ್ನಕ್ಕೆ ಆ್ಯಪ್‌ನ ಅಂಕಿ ಹಾಕಲೇಬೇಡಿ. ಕುಚ್ಚಲಕ್ಕಿಯನ್ನು ಗಂಜಿ ಮಾಡ್ತೀರಾ, ತೆಳಿ ಬಸಿದು ಅನ್ನ ಮಾಡ್ತೀರಾ ಅನ್ನುವುದರ ಮೇಲೆ ನೀರಿನ ಪಾಲು ಪೂರ್ತಿ ಬೇರೆ. ಅಕ್ಕಿ ಒಣಗಿದ್ದಾಗಲೇ ತೂಗಿ: 100 ಗ್ರಾಂಗೆ 350 ಕ್ಯಾಲರಿ. 300 ಗ್ರಾಂ ಹಾಕಿದರೆ ಪಾತ್ರೆಯಲ್ಲಿರುವುದು 1,050. ಖಾಲಿ ಪಾತ್ರೆಯ ತೂಕವನ್ನು ಅದರ ತಳದಲ್ಲಿ ಮಾರ್ಕರಿನಲ್ಲಿ ಬರೆದಿಡಿ. ಬಸಿದ ಮೇಲೆ ಅನ್ನ 850 ಗ್ರಾಂ ತೂಗಿದರೆ ಗ್ರಾಂಗೆ 1.23, ತಟ್ಟೆಗೆ 200 ಗ್ರಾಂ ಹಾಕಿಕೊಂಡರೆ 247. ತೆಳಿಯಲ್ಲಿ ಸ್ವಲ್ಪ ಹಿಟ್ಟು ಹೋಗ್ತದೆ, ಅದನ್ನು ಬಿಟ್ಟುಬಿಡಿ. ಕುಚ್ಚಲಕ್ಕಿ ತಿಂದರೆ ತೂಕ ಇಳಿಯುತ್ತದೆ ಅನ್ನುವುದು ಅರ್ಧ ಸತ್ಯ. ಒಣ ಅಕ್ಕಿಯ ಲೆಕ್ಕದಲ್ಲಿ ಬೆಳ್ತಿಗೆಗೂ (ಕುಚ್ಚದ ಬಿಳಿ ಅಕ್ಕಿ) ಅದಕ್ಕೂ ಕ್ಯಾಲರಿ ಒಂದೇ. ಅಗಿಯಲಿಕ್ಕೆ ಹೊತ್ತು ಬೇಕು, ಹೊಟ್ಟೆ ಹಿಡಿದು ನಿಲ್ತದೆ, ಲಾಭ ಅಲ್ಲಿ. ನೀರುದೋಸೆಗೂ ಇದೇ ದಾರಿ: 200 ಗ್ರಾಂ ಬೆಳ್ತಿಗೆ ಅಕ್ಕಿಗೆ 12 ದೋಸೆ ಬಂದರೆ ಒಂದಕ್ಕೆ ಅಕ್ಕಿಯದ್ದು 58, ಕಾವಲಿಗೆ ಸವರಿದ ಎಣ್ಣೆ ಸೇರಿ 75–80. ಐದು ದೋಸೆ ಅಂದರೆ 400 ಹತ್ತಿರ, ಬೆಲ್ಲ–ಕಾಯಿ ಇನ್ನೂ ಹಾಕಿಕೊಂಡಿಲ್ಲ.

ತೆಂಗಿನ ತುರಿ 100 ಗ್ರಾಂಗೆ 350–400. ಒಂದು ಗಡಿಯಲ್ಲಿ (ಅರ್ಧ ಕಾಯಿ) 120 ಗ್ರಾಂ ತುರಿ ಬಂತು ಅಂತ ಇಟ್ಟುಕೊಳ್ಳಿ, ನಾಲ್ವರ ಗಸಿಗೆ (ಕಾಯಿ ಅರೆದ ದಪ್ಪ ಸಾರು) ಹಾಕಿದರೆ ತಲಾ 110, ಬರೀ ತೆಂಗಿನಕಾಯಿಯದ್ದು. ಮಧ್ಯಾಹ್ನ ಗಸಿ, ಜೊತೆಗೆ ಪಲ್ಯಕ್ಕೆ ತುರಿ, ಬೆಳಿಗ್ಗೆ ಚಟ್ನಿ ಆದರೆ ದಿನಕ್ಕೆ 250 ಸುಲಭದಲ್ಲಿ ಆಯಿತು. ತೆಂಗಿನಕಾಯಿ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಈ ಊರಿನಲ್ಲಿ ಯಾರೂ ಕೇಳುವುದೂ ಇಲ್ಲ. ಗಸಿ ಮಾಡಿದ ದಿನ ಪಲ್ಯಕ್ಕೆ ತುರಿ ಬೇಡ, ವಾರಕ್ಕೆ ಎರಡು ಸಲ ಗಸಿಯ ಬದಲು ಪುಳಿಮುಂಚಿ (ಹುಳಿ–ಮೆಣಸಿನ ಸಾರು) ಮಾಡಿ. ಅದಕ್ಕೆ ಕಾಯಿ ಇಲ್ಲ, ಮೀನಿನ ರುಚಿಯೂ ಎದ್ದು ಬರ್ತದೆ.

ಎಣ್ಣೆಯನ್ನು ಚಮಚದಲ್ಲಿ ಅಳೆಯಲಿಕ್ಕೆ ಹೋದರೆ ಮನೆಯಲ್ಲಿ ಜಗಳ. ತಿಂಗಳ ಲೆಕ್ಕ ಹಾಕಿ. ನಾಲ್ವರ ಮನೆಗೆ ತಿಂಗಳಿಗೆ 3 ಲೀಟರ್ ಅಂದರೆ 2,760 ಗ್ರಾಂ. ನಾಲ್ಕರಿಂದ, ಮತ್ತೆ 30ರಿಂದ ಭಾಗಿಸಿದರೆ ತಲಾ 23 ಗ್ರಾಂ, 207 ಕ್ಯಾಲರಿ. ತೆಂಗಿನೆಣ್ಣೆ ಆಗಲಿ ಸೂರ್ಯಕಾಂತಿ ಆಗಲಿ, ಗ್ರಾಂಗೆ 9ರ ಹತ್ತಿರವೇ. ಈ 207ನ್ನು ದಿನವೂ ಕಣ್ಣು ಮುಚ್ಚಿ ಬರೆದುಬಿಡಿ, ಪ್ರತಿ ಪಲ್ಯದ ಒಗ್ಗರಣೆ ಅಳೆಯುವ ರಗಳೆ ಇಲ್ಲ.

ಬಂಗುಡೆ ಇಡಿಯಾಗಿ 150 ಗ್ರಾಂ ತೂಗಿದರೆ ತಲೆ, ಕರುಳು, ಮುಳ್ಳು ಹೋಗಿ ತಿನ್ನುವ ಮಾಂಸ 80–90 ಗ್ರಾಂ, ಪ್ರೋಟೀನ್ 17 ಗ್ರಾಂ. ಬಂಗುಡೆ, ಬೂತಾಯಿಯಲ್ಲಿ ಕೊಬ್ಬು ಸೀಸನ್ನಿಗೆ ತಕ್ಕ ಹಾಗೆ ಏರಿಳೀತದೆ, ಹಾಗಾಗಿ ಒಂದು ಬಂಗುಡೆಗೆ 110ರಿಂದ 160. ಕಾಣೆ ಇದಕ್ಕಿಂತ ಹಗುರ. ರವಾ ಫ್ರೈ ಮಾಡಿದರೆ ಕಾವಲಿಗೆ ಹಾಕುವ ಮೊದಲು ಎಣ್ಣೆ ತೂಗಿ, ಆದ ಮೇಲೆ ಉಳಿದದ್ದು ತೂಗಿ. 40 ಗ್ರಾಂ ಹಾಕಿ 15 ಉಳಿದರೆ, ನಾಲ್ಕು ಮೀನು 25 ಗ್ರಾಂ ಕುಡಿದಿದೆ, ಒಂದಕ್ಕೆ 55 ಕ್ಯಾಲರಿ, ರವೆಯದ್ದು ಇನ್ನೊಂದು 35. ತಿಂಗಳ ಲೆಕ್ಕ ಹಾಕುವವರು ಈ 55ನ್ನು ಮತ್ತೆ ಕೂಡಿಸಬೇಡಿ, ಅದು ಆ 207ರಲ್ಲೇ ಬಂತು.

ಚಾ ಮರೆಯಬೇಡಿ. 50 ಮಿ.ಲೀ. ಟೋನ್ಡ್ ಹಾಲಿಗೆ 30, ಎರಡು ಚಮಚ ಸಕ್ಕರೆಗೆ 40. ನಾಲ್ಕು ಚಾಕ್ಕೆ 280, ನಿಮ್ಮ ಒಂದು ದಿನದ ನಡಿಗೆಗಿಂತ ಹೆಚ್ಚು.

ಸುರತ್ಕಲ್_ಕಡಲು

ನಡುವೆ ಬಂದದ್ದಕ್ಕೆ ಕ್ಷಮಿಸಿ. ಹೆಣ್ಣು, 31, 157 ಸೆಂ.ಮೀ., 66 ಕೆ.ಜಿ., ಕೂತ ಕೆಲಸ, ವಾರಕ್ಕೆ 5 ದಿನ 30 ನಿಮಿಷ ಜೋರು ನಡಿಗೆ, ಸಸ್ಯಾಹಾರಿ. ಎಲ್ಲ ಕಡೆ 1,200 ಅಂತ ಬರ್ತದೆ. ಬಿಎಂಆರ್‌ಗಿಂತ ಕೆಳಗೆ ಹೋಗಬಾರದು ಅಂತಲೂ ಹೇಳ್ತಾರೆ. ಯಾವುದು?

ಲೆಕ್ಕದ_ಮಾಣಿ

660 + 981 − 155 − 161 = 1,325. ಇದರ 1.2 ಪಟ್ಟು 1,590. ನಡಿಗೆ 3.3 × 66 × 0.5 = 109, ಐದು ದಿನಕ್ಕೆ 545, ದಿನಕ್ಕೆ 78. ಒಟ್ಟು 1,670. ನಿಮಗೆ 500 ಕಳೆಯುವ ನಿಯಮ ಹಾಕಿದರೆ ತೀರಾ ಕೆಳಗೆ ಇಳೀತದೆ. ಸಣ್ಣ ಮೈಕಟ್ಟಿನವರಿಗೆ 20% ಕಳೆಯುವುದು ಸರಿ: 1,350 ಇಟ್ಟುಕೊಳ್ಳಿ. ವಾರಕ್ಕೆ 300 ಗ್ರಾಂ ಇಳಿಯಬಹುದು. ಕಡಿಮೆ ಅನ್ನಿಸ್ತದೆ, ಆದರೆ ನಿಮ್ಮ ಗಾತ್ರಕ್ಕೆ ಅದು ನಿಜವಾದ ವೇಗ. ಮೇಲಿನ ಅಣ್ಣನ 450ರ ಜೊತೆ ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ.

ಬಿಎಂಆರ್ ಅನ್ನುವುದು ಒಂದು ಲಕ್ಷ್ಮಣರೇಖೆಯೇನಲ್ಲ, ಒಂದು ದಿನ 1,300 ತಿಂದ ಕೂಡಲೇ ದೇಹ ಬೀಗ ಹಾಕಿಕೊಳ್ಳುವುದಿಲ್ಲ. 1,200ರಲ್ಲಿ ನಿಜವಾದ ತೊಂದರೆ ಬೇರೆ: ಅಷ್ಟರಲ್ಲಿ ಸಸ್ಯಾಹಾರಿಗೆ ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ಎಲ್ಲ ತುಂಬಿಸಲಿಕ್ಕೆ ಜಾಗ ಸಾಲುವುದಿಲ್ಲ. ತೂಕ ಹೋಲಿಸುವಾಗ ಮುಟ್ಟಿನ ಚಕ್ರದ ಅದೇ ಹಂತದ ವಾರಕ್ಕೆ ಹೋಲಿಸಿ. ಮುಟ್ಟಿನ ಮೊದಲು ನೀರು ನಿಂತು ಒಂದು ಕೆ.ಜಿ.ಗೂ ಮೇಲೆ ಏರುವುದುಂಟು.

ಎದೆಹಾಲು ಕುಡಿಸುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಈ ಲೆಕ್ಕ ಯಾವುದೂ ಬೇಡ. ಶುಗರಿಗೆ ಇನ್ಸುಲಿನ್ ಅಥವಾ ಶುಗರ್ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರ ಹತ್ತಿರ ಡೋಸ್ ಮಾತಾಡಿಕೊಳ್ಳಲೇಬೇಕು. ಅನ್ನ ಅರ್ಧಕ್ಕೆ ಇಳಿಸಿ ಹಳೆಯ ಡೋಸನ್ನೇ ಇಟ್ಟರೆ ನಡಿಗೆಯ ಮಧ್ಯೆ ಶುಗರ್ ಬಿದ್ದು ತಲೆ ತಿರುಗ್ತದೆ.

ಕಿನ್ನಿಮುಲ್ಕಿ_ಡಂಬೆಲ್

ಪ್ರೋಟೀನ್ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಐಸಿಎಂಆರ್–ಎನ್ಐಎನ್ (ರಾಷ್ಟ್ರೀಯ ಪೋಷಣಾ ಸಂಸ್ಥೆ) ಸಾಮಾನ್ಯ ಜನರಿಗೆ ಹೇಳುವುದು ಕೆ.ಜಿ.ಗೆ 0.83 ಗ್ರಾಂ. ಕಡಿಮೆ ತಿಂದು, ಭಾರವೂ ಎತ್ತುವವರಿಗೆ ಅದು ಸಾಲದು, 1.2–1.6 ಬೇಕು. ತೂಕ ಹೆಚ್ಚಿರುವವರು ಈಗಿನ ತೂಕಕ್ಕಲ್ಲ, ಮುಟ್ಟಬೇಕಾದ ತೂಕಕ್ಕೆ ಗುಣಿಸಿ. ಅಜ್ಜರಕಾಡಿನವರದ್ದು ಕೊನೆಗೆ 72 ಅಂತ ಹಿಡಿದರೆ 72 × 1.6 = 115 ಗ್ರಾಂ. ಕಿಡ್ನಿಯ ತೊಂದರೆ ಇದ್ದವರು ಇದನ್ನು ಅನುಸರಿಸಬೇಡಿ.

1,800ರೊಳಗೆ ಕೂರ್ತದಾ ಅಂತ ಕೇಳ್ತೀರಿ, ಕೂರಿಸಿ ತೋರಿಸ್ತೇನೆ. ಮೊಟ್ಟೆ 3 (215 ಕ್ಯಾಲರಿ, 18 ಗ್ರಾಂ ಪ್ರೋಟೀನ್), ಮೀನಿನ ಮಾಂಸ 150 ಗ್ರಾಂ (200, 30), ಚರ್ಮ ತೆಗೆದ ಕೋಳಿಯ ಎದೆ ಹಸಿಯಾಗಿ 150 ಗ್ರಾಂ (180, 33), ಒಣ ಹೆಸರುಕಾಳು 50 ಗ್ರಾಂ (170, 12), ಟೋನ್ಡ್ ಹಾಲಿನ ಮೊಸರು 300 ಗ್ರಾಂ (180, 9), ಒಣ ಅಕ್ಕಿ 150 ಗ್ರಾಂ (525, 11). ಇಲ್ಲಿಗೆ 1,470 ಕ್ಯಾಲರಿ, 113 ಗ್ರಾಂ ಪ್ರೋಟೀನ್. ಎಣ್ಣೆ 15 ಗ್ರಾಂಗೆ 135, ತೆಂಗಿನ ತುರಿ 25 ಗ್ರಾಂಗೆ 90, ಬಸಳೆ, ಅಲಸಂಡೆ, ಸೌತೆ ಎಲ್ಲ ಸೇರಿ 100. ಮುಗಿಯಿತು, 1,795. ಚಾಕ್ಕೆ ಸಕ್ಕರೆ ಎಲ್ಲಿಂದ ಅಂತ ಕೇಳಿದರೆ, ಒಂದು ಚಾಕ್ಕೆ 20 ಗ್ರಾಂ ಅಕ್ಕಿ ಬಿಡಿ, 70ಕ್ಕೆ 70 ಸರಿ ಹೋಗ್ತದೆ.

ಸುರತ್ಕಲ್‌ನವರಿಗೆ: ಸೋಯಾ ಚಂಕ್ಸ್ ಒಣ 40 ಗ್ರಾಂಗೆ 20 ಗ್ರಾಂ ಪ್ರೋಟೀನ್, ಕ್ಯಾಲರಿ 140 ಮಾತ್ರ, ಇದಕ್ಕೆ ಸಾಟಿ ಇಲ್ಲ. ನೆನೆಸಿ, ಎರಡು ಸಲ ಹಿಂಡಿ, ಸುಕ್ಕದ ಮಸಾಲೆಗೆ ಹಾಕಿದರೆ ವಾಸನೆ ಹೋಗ್ತದೆ. ಪನೀರ್ ಪ್ರೋಟೀನಿಗೆ ಅಂತ ತಿನ್ನುವವರು 100 ಗ್ರಾಂಗೆ 18 ಗ್ರಾಂ ಪ್ರೋಟೀನಿನ ಜೊತೆ 260–300 ಕ್ಯಾಲರಿ ಬರ್ತದೆ ಅಂತ ನೆನಪಿಡಿ. ಕಡ್ಲೆ ಮನೋಳಿ (ತೊಂಡೆಕಾಯಿ) ಒಳ್ಳೆಯದೇ, ಆದರೆ ಮನೋಳಿ ಜಾಸ್ತಿ, ಕಡ್ಲೆ ನಾಲ್ಕು ಕಾಳು ಆದರೆ ಪ್ರೋಟೀನ್ ಎಲ್ಲಿಂದ ಬರಬೇಕು?

ಜಿಮ್‌ನ 175 ಕ್ಯಾಲರಿ ನೋಡಿ ಭಾರ ಎತ್ತುವುದನ್ನು ಬಿಟ್ಟು ಅದನ್ನೂ ನಡಿಗೆಗೇ ಹಾಕುವ ಅಂತ ಯೋಚಿಸಬೇಡಿ. ಊಟ ಕಡಿಮೆ ಇದ್ದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುವುದನ್ನು ತಡೆಯುವುದು ಅದೇ. ಸ್ಕ್ವಾಟ್, ರೋ, ಪ್ರೆಸ್‌ನ ತೂಕ ಮೂರು ವಾರದಲ್ಲಿ ಇಳಿಯುತ್ತಾ ಹೋದರೆ ಊಟ ತೀರಾ ಕಡಿಮೆ ಆಗಿದೆ ಅಥವಾ ನಿದ್ದೆ ಸಾಲುತ್ತಿಲ್ಲ.

ಅಜ್ಜರಕಾಡು_36 (3 ವಾರದ ನಂತರ)

ಅಂಕಿಗಳು ಮಾತ್ರ ಹಾಕ್ತೇನೆ. ತಿಂದದ್ದರ ಸರಾಸರಿ 1,860. ಬೆಳಗಿನ ತೂಕದ ಸರಾಸರಿ: ಮೊದಲ ವಾರ 83.6, ಎರಡನೆಯದು 83.3, ಮೂರನೆಯದು 82.9. ನಡುವೆ ಒಂದು ದಿನ ಗಂಜಿ, ಉಪ್ಪಿನಕಾಯಿ, ಒಣಮೀನಿನ ಚಟ್ನಿ ಊಟದ ಮರುದಿನ 1.2 ಕೆ.ಜಿ. ಒಮ್ಮೆಗೇ ಏರಿತು, ಮೂರು ದಿನದಲ್ಲಿ ಇಳಿಯಿತು. ಈಗ ಮಳೆ ಹಿಡಿದಿದೆ, ನಡಿಗೆ ನಿಂತಿದೆ. 1,800ನ್ನು ಬದಲಿಸಬೇಕಾ?

ಲೆಕ್ಕದ_ಮಾಣಿ

ಒಣಮೀನಿನದ್ದು ಉಪ್ಪು ಹಿಡಿದಿಟ್ಟ ನೀರು. 1.2 ಕೆ.ಜಿ. ಕೊಬ್ಬು ಏರಬೇಕಾದರೆ ಖರ್ಚಿನ ಮೇಲೆ 9,240 ಕ್ಯಾಲರಿ ಹೆಚ್ಚು ತಿನ್ನಬೇಕು, ಗಂಜಿ ಊಟದಲ್ಲಿ ಅದು ಸಾಧ್ಯ ಇಲ್ಲ ಮಾರಾಯ್ರೆ. ಮೊದಲ ಕೆಲವು ದಿನ 84ರಿಂದ ಇಳಿದದ್ದರಲ್ಲೂ ನೀರಿನ ಪಾಲು ಉಂಟು. ಸ್ನಾಯುವಿನಲ್ಲಿರುವ ಗ್ಲೈಕೋಜನ್ ಗ್ರಾಂಗೆ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರ್ತದೆ, ಅನ್ನ ಕಡಿಮೆ ಆದಾಗ ಅದೂ ಹೋಗ್ತದೆ. ಅದಕ್ಕೇ ದಿನದ ತೂಕ ನೋಡದೆ ವಾರದ ಸರಾಸರಿ ನೋಡುವುದು.

ಈಗ ನಿಮ್ಮ ಸ್ವಂತ ಅಂಕಿ ಹಾಕುವ. ಮೊದಲ ವಾರದ ಸರಾಸರಿಗೂ ಮೂರನೆಯ ವಾರದ್ದಕ್ಕೂ ಅಂತರ 14 ದಿನ, ಇಳಿದದ್ದು 0.7 ಕೆ.ಜಿ. 0.7 × 7,700 ÷ 14 = 385. ತಿಂದ 1,860ಕ್ಕೆ ಅದನ್ನು ಕೂಡಿಸಿದರೆ 2,245. ನಿಮ್ಮ ದಿನದ ನಿಜವಾದ ಖರ್ಚು ಇದು, ಸೂತ್ರ ಹೇಳಿದ 2,311ಕ್ಕಿಂತ 66 ಕಡಿಮೆ. ಇನ್ನು ಮೇಲೆ ಸೂತ್ರ ಮಡಚಿ ಇಡಿ, 2,245ನ್ನೇ ಹಿಡಿಯಿರಿ. ಇದರ ಒಂದು ಚಂದ ಉಂಟು: ಮೂರೂ ವಾರ ನೀವು ಒಂದೇ ರೀತಿಯಲ್ಲಿ ತೆಂಗಿನಕಾಯಿ ಕಡಿಮೆ ಬರೆದಿದ್ದರೆ, ಆ ತಪ್ಪೂ ಈ ಅಂಕಿಯೊಳಗೇ ಸೇರಿಹೋಗಿದೆ. ಮುಂದೆಯೂ ಅದೇ ತಪ್ಪು ಮಾಡುತ್ತಾ ಹೋದರೆ ಸಾಕು, ಲೆಕ್ಕ ಕೆಡುವುದಿಲ್ಲ. ಕೆಡುವುದು ಒಂದು ವಾರ ತೂಗಿ, ಇನ್ನೊಂದು ವಾರ ಅಂದಾಜಿನಲ್ಲಿ ಬರೆದರೆ.

ಮಳೆಗೆ ನಡಿಗೆ ನಿಂತರೆ ವಾರಕ್ಕೆ 1,040, ದಿನಕ್ಕೆ 150 ಖರ್ಚು ಬಿದ್ದುಹೋಯಿತು. ಹಾಗೇ 1,800 ತಿಂದರೆ ಕೊರತೆ 445ರಿಂದ 295ಕ್ಕೆ ಇಳೀತದೆ, ತೂಕ ನಿಂತಿಲ್ಲ, ನಿಧಾನ ಆಗಿದೆ ಅಷ್ಟೆ. ಅದು ಬೇಡ ಅಂತಾದರೆ 30 ಗ್ರಾಂ ಒಣ ಅಕ್ಕಿ ಮತ್ತು ಒಂದು ಚಮಚ ಎಣ್ಣೆ ಬಿಡಿ, 145 ಆಯಿತು. ಅಥವಾ ಒಳಾಂಗಣದಲ್ಲಿ ಷಟಲ್ ಆಡಿ: ಬಿಟ್ಟು ಬಿಟ್ಟು ಆಡುವ ಡಬಲ್ಸ್‌ಗೂ 5.5 ಮೆಟ್ ಹತ್ತಿರ ಉಂಟು, 40 ನಿಮಿಷಕ್ಕೆ 250. ವಾರಕ್ಕೆ ನಾಲ್ಕು ದಿನ ಆಡಿದರೆ ನಡಿಗೆಯ ಲೆಕ್ಕ ಮುಟ್ಟಿತು. ಆಡಿದ ಮೇಲೆ ಗುಂಪಿನಲ್ಲಿ ಗೋಳಿಬಜೆ ತಿನ್ನಲಿಕ್ಕೆ ಹೋಗುವ ಪದ್ಧತಿ ಇದ್ದರೆ ನಡಿಗೆಯೇ ವಾಸಿ.

80 ಕೆ.ಜಿ. ಮುಟ್ಟಿದಾಗ ಖರ್ಚಿನಲ್ಲಿ 60ರಷ್ಟು ತಾನಾಗಿ ಇಳಿದಿರ್ತದೆ. ಹೊರುವ ಭಾರ ಕಡಿಮೆ ಆದ ಕಾರಣ ಬಿಎಂಆರ್ ಮತ್ತು ನಡಿಗೆಯ ಖರ್ಚು ಎರಡೂ ಕುಗ್ಗುವುದು. ಮೈಯೂ ಗೊತ್ತಿಲ್ಲದೆ ಉಳಿತಾಯ ಮಾಡ್ತದೆ, ಲಿಫ್ಟ್ ಹತ್ತುವುದು, ಕೂತಲ್ಲೇ ಕೂರುವುದು ಹೆಚ್ಚಾಗ್ತದೆ. ಆಗ ಇದೇ 14 ದಿನದ ಲೆಕ್ಕ ಮತ್ತೊಮ್ಮೆ ಹಾಕಿ. ಎರಡು ವಾರ ಕಾಯದೆ, ಮೂರು ದಿನ ತೂಕ ಇಳಿಯಲಿಲ್ಲ ಅಂತ 200 ಕಡಿಮೆ ಮಾಡಬೇಡಿ.

ಅಜ್ಜರಕಾಡು_36

ಸರಿ, ಅಕ್ಕಿ ಬಿಡುವುದು ಸುಲಭ, ಅದನ್ನೇ ಮಾಡ್ತೇನೆ. ಕೊನೆಯದಾಗಿ, ಭಾನುವಾರದ ಬನ್ಸ್? ಆ್ಯಪ್‌ನಲ್ಲಿ ಬನ್ಸ್ ಅಂತ ಹುಡುಕಿದರೆ ಬರ್ಗರಿನ ಬನ್ ಬರ್ತದೆ.

ಒಗ್ಗರಣೆ_ಸೌಟು

ಬರ್ಗರಿನದ್ದು ಹಾಕಬೇಡಿ, ಅದನ್ನು ಎಣ್ಣೆಯಲ್ಲಿ ಕರಿಯುವುದಿಲ್ಲ. ಮೈದಾ 250 ಗ್ರಾಂ 870, ಕಳಿತ ಬಾಳೆಹಣ್ಣು 100 ಗ್ರಾಂ 100, ಸಕ್ಕರೆ 50 ಗ್ರಾಂ 200, ಮೊಸರು ಎರಡು ಚಮಚ 30. ಹತ್ತು ಬನ್ಸ್ ಮಾಡಿದರೆ ಹಿಟ್ಟಿನದ್ದು ತಲಾ 120. ಬಾಣಲೆಗೆ ಹಾಕುವ ಮೊದಲು ಎಣ್ಣೆ ತೂಗಿ, ತಣಿದ ಮೇಲೆ ಮತ್ತೆ ತೂಗಿ. 70 ಗ್ರಾಂ ಕುಡಿದಿದ್ದರೆ ತಲಾ 63. ಒಟ್ಟು 183. ಎಣ್ಣೆ ಸರಿಯಾಗಿ ಕಾಯದೆ ಹಾಕಿದರೆ, ಹಿಟ್ಟು ತೀರಾ ಮೆತ್ತಗೆ ಆದರೆ, ಇನ್ನೂ ಹೆಚ್ಚು ಕುಡೀತದೆ. ಎರಡು ಬನ್ಸ್, ಕಾಯಿ ಚಟ್ನಿ ಎರಡು ಚಮಚ, ಸಕ್ಕರೆ ಇಲ್ಲದ ಚಾ: ಸುಮಾರು 450. ಆ ದಿನ ಮಧ್ಯಾಹ್ನದ ಅನ್ನ ಅರ್ಧ ಮಾಡಿ, ಸಾರು ಪುಳಿಮುಂಚಿ ಇರಲಿ.